ರಾಜಿ ಆದರೂ ಕೇಸು ಯಾಕೆ ಮುಗಿಯುವುದಿಲ್ಲ? ದೈವದ ಕಟ್ಟೆಯಿಂದ ಧಾರವಾಡ ಪೀಠದವರೆಗೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕೋರ್ಟುಗಳ ಆವರಣದಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು: "ರಾಜಿ ಆಗೇತಿ, ಇಬ್ಬರೂ ಒಪ್ಯಾರ, ಆದರೂ ಕೇಸ್ ಯಾಕ ಮುಗೀವಲ್ದು?"

ಪ್ರಶ್ನೆ ನ್ಯಾಯವಾದದ್ದೇ. ಗಂಡ-ಹೆಂಡತಿ ಜಗಳ ಠಾಣೆ ಏರಿತು, ವರದಕ್ಷಿಣೆ ಕಿರುಕುಳದ ಕೇಸಾಯಿತು. ವರ್ಷದ ಮೇಲೆ ಹಿರಿಯರು ಕೂಡಿದರು. ಬಂಗಾರ ವಾಪಸ್ ಬಂತು, ಪರಿಹಾರ ಗೊತ್ತಾಯಿತು, ವಿಚ್ಛೇದನಕ್ಕೆ ಇಬ್ಬರೂ ಸಹಿ ಹಾಕಿದರು. ಇಲ್ಲವೇ ಮತ್ತೆ ಕೂಡಿ ಬಾಳುವುದೆಂದು ಮನೆಗೆ ಹೋದರು. ಆದರೂ ಮುಂದಿನ ತಾರೀಖಿಗೆ ಅತ್ತೆ, ಮಾವ, ನಾದಿನಿ ಎಲ್ಲರೂ ಕೋರ್ಟಿಗೆ ಬಂದು ಕಟಕಟೆಯಲ್ಲಿ ನಿಲ್ಲಲೇಬೇಕು. ಮೆಣಸಿನಕಾಯಿ ಮಾರ್ಕೆಟ್ ಇರಲಿ, ಬಿತ್ತನೆ ಹದ ಇರಲಿ, ತಾರೀಖು ತಪ್ಪಿದರೆ ವಾರಂಟ್.

ಇದಕ್ಕೆ ಉತ್ತರ ಬೇಕೆಂದರೆ ಸುಮಾರು ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕು. ನಮ್ಮ ಭಾಗದಲ್ಲಿ ಮದುವೆಯ ಜಗಳ ಬಗೆಹರಿಸುವ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೇ ಆ ಕತೆ.

ದೈವದ ಕಟ್ಟೆ ಮತ್ತು ಮುಂಬೈ ಹೈಕೋರ್ಟು

ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಇದು ಧಾರವಾಡ ಜಿಲ್ಲೆ. 1956ರ ನವೆಂಬರ್ 1ಕ್ಕಿಂತ ಮೊದಲು ಈ ಧಾರವಾಡ ಜಿಲ್ಲೆ ಮುಂಬೈ ಆಡಳಿತಕ್ಕೆ ಸೇರಿತ್ತು. ಹಾಗಾಗಿ ನಮ್ಮ ಅಜ್ಜ-ಮುತ್ತಜ್ಜರ ಪಾಲಿಗೆ ಹೈಕೋರ್ಟು ಎಂದರೆ ಮುಂಬೈ ಹೈಕೋರ್ಟು.

ಆದರೆ ಮದುವೆ ಮುರಿದಾಗ ಯಾರೂ ಮುಂಬೈಗೆ ಹೋಗುತ್ತಿರಲಿಲ್ಲ. ದೈವದವರು ಕೂಡುತ್ತಿದ್ದರು. ಪಂಚರು ಎರಡೂ ಕಡೆಯ ಮಾತು ಕೇಳಿ, ದಂಡ ಹಾಕಿ, ಬಿಡುಗಡೆ ಮಾಡಿಸುತ್ತಿದ್ದರು. ಅನೇಕ ಸಮಾಜಗಳಲ್ಲಿ ಬಿಡುಗಡೆ ಪಡೆದ ಹೆಣ್ಣುಮಗಳಿಗೆ ಉಡಿಕಿ ಮದುವೆಯ ರೂಢಿ ಇತ್ತು. ಊರಿನ ಲೆಕ್ಕದಲ್ಲಿ ಅಲ್ಲಿಗೆ ವ್ಯವಹಾರ ಮುಗಿಯಿತು.

ಸರ್ಕಾರದ ಲೆಕ್ಕ ಬೇರೆ ಇತ್ತು. 1862ರ ಜನವರಿ 1ರಿಂದ ಭಾರತೀಯ ದಂಡ ಸಂಹಿತೆ ಜಾರಿಗೆ ಬಂತು. ಅದರ 494ನೇ ಕಲಂ ಪ್ರಕಾರ ಗಂಡ ಅಥವಾ ಹೆಂಡತಿ ಬದುಕಿರುವಾಗ, ಕಾನೂನು ಒಪ್ಪದ ಇನ್ನೊಂದು ಮದುವೆ ಅಪರಾಧ. ಏಳು ವರ್ಷದವರೆಗೆ ಶಿಕ್ಷೆ. ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ತರಲು ಆಗಿನ ಹಿಂದೂ ಗಂಡಸಿಗೆ ಅಡ್ಡಿ ಇರಲಿಲ್ಲ, ಹಾಗಾಗಿ ಈ ಕಲಂ ತಟ್ಟಿದ್ದು ಹೆಂಗಸಿಗೇ. ಹಾಗಾದರೆ ದೈವದವರು ಬಿಡುಗಡೆ ಕೊಟ್ಟ ಮೇಲೆ ಆಕೆ ಮರುಮದುವೆಯಾದರೆ ಅದು ಅಪರಾಧವೋ ಅಲ್ಲವೋ? 1876ರಲ್ಲಿ ಶಂಭು ರಘು ಎಂಬ ಪ್ರಕರಣದಲ್ಲಿ ಮುಂಬೈ ಹೈಕೋರ್ಟು ಇದಕ್ಕೆ ಖಡಕ್ ಉತ್ತರ ಕೊಟ್ಟಿತು. ಮದುವೆಯನ್ನು ರದ್ದು ಮಾಡುವ, ಗಂಡ ಬದುಕಿರುವಾಗ ಹೆಂಡತಿಗೆ ಮರುಮದುವೆಯ ಪರವಾನಗಿ ಕೊಡುವ ಅಧಿಕಾರ ಜಾತಿ ಪಂಚಾಯಿತಿಗೆ ಇದೆಯೆಂದು ಕೋರ್ಟು ಒಪ್ಪುವುದಿಲ್ಲ ಎಂಬುದು ಅದರ ಸಾರ.

ಅಂದರೆ ಕಟ್ಟೆಯ ಮೇಲೆ ಮುಗಿದ ವ್ಯಾಜ್ಯ ಕೋರ್ಟಿನ ಕಣ್ಣಿಗೆ ಮುಗಿದಿರಲಿಲ್ಲ. ಇಂದು ರಾಣೆಬೆನ್ನೂರಿನಲ್ಲಿ ಕೇಳುವ ಪ್ರಶ್ನೆಯ ಬೇರು ಇಲ್ಲಿಯೇ ಇದೆ. ಊರಿನ ರಾಜಿ ಒಂದು, ರಾಜ್ಯದ ಕಾನೂನು ಇನ್ನೊಂದು.

ನೆನಪಿಡಬೇಕಾದ ಮಾತೊಂದಿದೆ. ರೂಢಿಯ ಬಿಡುಗಡೆ ಪೂರ್ತಿ ಸತ್ತುಹೋಗಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿದೆ. ಆದರೆ ಆ ರೂಢಿ ತಮ್ಮ ಸಮಾಜದಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ಹೇಳುವವರೇ ರುಜುವಾತು ಮಾಡಬೇಕು. ಬಾಂಡ್ ಪೇಪರಿನ ಮೇಲೆ ಬರೆದು ಸಹಿ ಹಾಕಿದ ಮಾತ್ರಕ್ಕೆ ವಿಚ್ಛೇದನ ಆಗುವುದಿಲ್ಲ.

ಹೊಳೆಯ ಈ ದಂಡೆ, ಆ ದಂಡೆ

ರಾಣೆಬೆನ್ನೂರು ತಾಲೂಕಿನ ಅಂಚಿಗೆ ತುಂಗಭದ್ರೆ ಹರಿಯುತ್ತದೆ. ಆಚೆ ದಂಡೆಯ ಹರಿಹರ ಆಗ ಮೈಸೂರು ಸಂಸ್ಥಾನ. ಈಚೆ ದಂಡೆ ಮುಂಬೈ ಪ್ರಾಂತ.

ಮುಂಬೈ ಸರ್ಕಾರ 1946ರಲ್ಲಿ ಹಿಂದೂಗಳ ದ್ವಿಪತ್ನಿತ್ವ ತಡೆಯುವ ಕಾಯ್ದೆ ತಂದಿತು. 1947ರಲ್ಲಿ ಹಿಂದೂ ವಿಚ್ಛೇದನ ಕಾಯ್ದೆ ತಂದಿತು. ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರುವ ಗಂಡಸೂ ಮೊದಲ ಬಾರಿಗೆ ಅಪರಾಧಿಯಾದ. ಈ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂಬ ತಕರಾರು ಮುಂಬೈ ಹೈಕೋರ್ಟಿಗೆ ಹೋದಾಗ 1951ರಲ್ಲಿ ನ್ಯಾಯಮೂರ್ತಿಗಳಾದ ಛಾಗ್ಲಾ ಮತ್ತು ಗಜೇಂದ್ರಗಡ್ಕರ್ ಅದನ್ನು ಎತ್ತಿಹಿಡಿದರು. ಇಡೀ ದೇಶಕ್ಕೆ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ನಡುವಿನ ಆ ಎಂಟು-ಒಂಬತ್ತು ವರ್ಷ ಒಂದೇ ಹೊಳೆಯ ನೀರು ಕುಡಿಯುವ, ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತರುವ ಎರಡು ದಂಡೆಗಳಿಗೆ ಎರಡು ಕಾನೂನು ಇತ್ತು.

ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯುವ ದಾರಿ ಬಂದದ್ದು ಇನ್ನೂ ತಡವಾಗಿ. 1976ರ ತಿದ್ದುಪಡಿ 13-ಬಿ ಕಲಂ ಸೇರಿಸಿತು. ಇಂದಿನ ಬಹುಪಾಲು ರಾಜಿಗಳು ನಿಂತಿರುವುದು ಈ ಕಲಂ ಮೇಲೆಯೇ.

ಗಂಡ ರಾಜಿಯಾಗಬಹುದು, ಹೆಂಡತಿ ಆಗುವಂತಿಲ್ಲ

ಈಗ ಒಂದು ವಿಚಿತ್ರ ನೋಡಿ. ಕ್ರಿಮಿನಲ್ ಕೇಸು ಎಂದರೆ ಅದು ಸರ್ಕಾರದ ಕೇಸು. ದೂರು ಕೊಟ್ಟವರು ಸಾಕ್ಷಿ ಮಾತ್ರ. ಆದ್ದರಿಂದ "ನಾನು ಕೇಸ್ ವಾಪಸ್ ತಗೊಂಡೆ" ಎಂದರೆ ಮುಗಿಯುವುದಿಲ್ಲ. ಯಾವ ಅಪರಾಧದಲ್ಲಿ ರಾಜಿ ಆಗಬಹುದು, ಯಾರು ರಾಜಿ ಆಗಬಹುದು ಎಂದು ಕಾನೂನೇ ಪಟ್ಟಿ ಮಾಡಿದೆ. 1898ರ ಸಂಹಿತೆಯಲ್ಲಿ ಅದು 345ನೇ ಕಲಂ. 1974ರ ಏಪ್ರಿಲ್ 1ರಿಂದ ಜಾರಿಯಾದ ಸಂಹಿತೆಯಲ್ಲಿ 320ನೇ ಕಲಂ.

ಆ ಹಳೆಯ ಪಟ್ಟಿಯಲ್ಲೇ 497 ಮತ್ತು 498ನೇ ಕಲಂಗಳಿದ್ದವು. ಒಂದು ವ್ಯಭಿಚಾರ, ಇನ್ನೊಂದು ಬೇರೊಬ್ಬನ ಹೆಂಡತಿಯನ್ನು ಪುಸಲಾಯಿಸಿ ಕರೆದೊಯ್ಯುವುದು. ಎರಡರಲ್ಲೂ ನೊಂದವನು ಎಂದರೆ ಗಂಡ. ರಾಜಿಯಾಗುವ ಹಕ್ಕೂ ಗಂಡನಿಗೇ. ಹೆಂಡತಿಯ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. (497ನೇ ಕಲಂ ಅನ್ನು ಸುಪ್ರೀಂ ಕೋರ್ಟ್ 2018ರಲ್ಲಿ ತೆಗೆದುಹಾಕಿತು.)

ಆಮೇಲೆ 1983 ಬಂತು. ಸೀಮೆಎಣ್ಣೆ, ಸ್ಟವ್, "ಅಡುಗೆ ಮಾಡುವಾಗ ಬೆಂಕಿ ತಗುಲಿತು" ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಮಾಮೂಲಿಯಾಗಿದ್ದ ಕಾಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕಾಗದದಲ್ಲೇ ಉಳಿದಿತ್ತು. ದೆಹಲಿಯಿಂದ ಬೆಂಗಳೂರಿನವರೆಗೆ ಮಹಿಳಾ ಸಂಘಟನೆಗಳು ಬೀದಿಗಿಳಿದವು. 1979ರಲ್ಲಿ ಹುಟ್ಟಿದ ಬೆಂಗಳೂರಿನ ವಿಮೋಚನಾ ಅವುಗಳಲ್ಲೊಂದು. ಸಂಸತ್ತು ದಂಡ ಸಂಹಿತೆಗೆ 498-ಎ ಸೇರಿಸಿತು. ಅದು 1983ರ ಡಿಸೆಂಬರ್ 25ರಿಂದ ಜಾರಿ. ಗಂಡ ಅಥವಾ ಗಂಡನ ಬಂಧುಗಳು ಹೆಂಡತಿಗೆ ಕ್ರೌರ್ಯ ಎಸಗಿದರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡ. 1986ರಲ್ಲಿ ವರದಕ್ಷಿಣೆ ಸಾವಿಗೆ 304-ಬಿ ಬಂತು.

ಮನೆಯೊಳಗಿನ ಹೊಡೆತವನ್ನು ಅಪರಾಧ ಎಂದು ಹೆಸರಿಟ್ಟು ಕರೆದ ದೊಡ್ಡ ಹೆಜ್ಜೆ ಅದು. ಆದರೆ 498-ಎ ಅನ್ನು ರಾಜಿಯಾಗುವ ಅಪರಾಧಗಳ ಪಟ್ಟಿಗೆ ಸೇರಿಸಲಿಲ್ಲ. ವರದಕ್ಷಿಣೆ ಕಾಯ್ದೆಯ ಅಪರಾಧಗಳೂ ರಾಜಿಯಾಗದವು. ಇದರ ಹಿಂದಿನ ಭಯ ಅರ್ಥವಾಗುವಂಥದ್ದು. ತವರಿನವರು, ಹಿರಿಯರು, ಮಧ್ಯಸ್ಥರು ಸೇರಿ "ಹೊಂದಿಕೊಂಡು ಹೋಗವ್ವಾ" ಎಂದು ಒತ್ತಡ ಹಾಕಿದರೆ ಹೆಣ್ಣುಮಗಳು ಎಲ್ಲಿ ಹೋಗಬೇಕು? ಬಾಗಿಲು ಮುಚ್ಚಿದ್ದರೆ ಒತ್ತಡಕ್ಕೂ ಅರ್ಥವಿರುವುದಿಲ್ಲ ಎಂಬ ಲೆಕ್ಕ.

ಫಲ ಮಾತ್ರ ವಿಚಿತ್ರ. ಗಂಡ ನೊಂದಿದ್ದಾನೆ ಎಂದ ಕಾನೂನು ಅವನಿಗೆ ರಾಜಿಯ ಹಕ್ಕು ಕೊಟ್ಟಿತ್ತು. ಹೆಂಡತಿ ನೊಂದಿದ್ದಾಳೆ ಎಂದ ಕಾನೂನು ಅವಳಿಗೆ ಆ ಹಕ್ಕು ಕೊಡಲಿಲ್ಲ.

ಸುಳ್ಳು ಹೇಳಿಸುವ ರಾಜಿ

ನಮ್ಮ ಭಾಗದ ಒಂದು ಮಾಮೂಲಿ ಎಫ್‌ಐಆರ್ ತೆಗೆದು ನೋಡಿ. 498-ಎ, 323, 504, 506, ಜೊತೆಗೆ ವರದಕ್ಷಿಣೆ ಕಾಯ್ದೆಯ 3 ಮತ್ತು 4. ಇದರಲ್ಲಿ 323 ಎಂದರೆ ಹೊಡೆತ, 504 ಎಂದರೆ ಬೈಗುಳ, 506 ಎಂದರೆ ಬೆದರಿಕೆ. ಈ ಮೂರರಲ್ಲಿ ರಾಜಿಗೆ ಅವಕಾಶವಿದೆ. ಉಳಿದವಕ್ಕೆ ಇಲ್ಲ. ಅಂದರೆ ಒಂದೇ ದಿನ, ಒಂದೇ ಮನೆಯಲ್ಲಿ ನಡೆದ ಘಟನೆಯ ಅರ್ಧ ಮುಗಿಯುತ್ತದೆ, ಅರ್ಧ ಮುಗಿಯುವುದಿಲ್ಲ.

ಲೋಕ ಅದಾಲತ್ತಿನಲ್ಲಾದರೂ ಮುಗಿಸಬಹುದೇ ಎಂದರೆ ಅದೂ ಇಲ್ಲ. ರಾಜಿಯಾಗದ ಅಪರಾಧಗಳನ್ನು ತೀರ್ಮಾನಿಸುವ ಅಧಿಕಾರ ಲೋಕ ಅದಾಲತ್ತಿಗೆ ಇಲ್ಲವೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ. ಜೀವನಾಂಶ, ಆಸ್ತಿಯಂಥ ವಿಷಯ ಅಲ್ಲಿ ಬಗೆಹರಿಯಬಹುದು, 498-ಎ ಆಗುವುದಿಲ್ಲ.

ಹಾಗಾದರೆ ಜನ ಏನು ಮಾಡಿದರು? ಕಳ್ಳದಾರಿ ಹುಡುಕಿದರು. ರಾಜಿಯಾದ ಮೇಲೆ ಹೆಣ್ಣುಮಗಳು ಸಾಕ್ಷಿ ಕಟ್ಟೆ ಏರಿ "ನನಗೇನೂ ಕಿರುಕುಳ ಕೊಟ್ಟಿಲ್ಲ, ದೂರಿನಲ್ಲಿ ಏನು ಬರೆದಾರೋ ಗೊತ್ತಿಲ್ಲ" ಎಂದು ಹೇಳುವುದು. ಅವಳ ಅಪ್ಪ, ಅಣ್ಣ, ನೆರೆಮನೆಯವರೂ ಅದನ್ನೇ ಹೇಳುವುದು. ಸಾಕ್ಷಿ ತಿರುಗಿಬಿದ್ದರು ಎಂದು ಸರ್ಕಾರಿ ವಕೀಲರು ಹೇಳುವುದು. ಆರೋಪಿಗಳು ಖುಲಾಸೆ.

ಕೇಸು ಮುಗಿಯಿತು, ಖರೆ. ಆದರೆ ಅದಕ್ಕೆ ಕೊಟ್ಟ ಬೆಲೆ ನೋಡಿ. ನಿಜವಾಗಿಯೂ ಹೊಡೆತ ತಿಂದವಳು ಪ್ರಮಾಣ ಮಾಡಿ "ತಿಂದಿಲ್ಲ" ಎನ್ನಬೇಕಾಯಿತು. ಅವಳ ಬಾಯಿಂದಲೇ ಅವಳ ದೂರು ಸುಳ್ಳಾಯಿತು. ಆಮೇಲೆ "ನೋಡ್ರಿ, ಎಲ್ಲಾ ಸುಳ್ಳು ಕೇಸು, ಒಂದೂ ನಿಲ್ಲೂದಿಲ್ಲ" ಎನ್ನುವವರಿಗೆ ಅದೇ ಖುಲಾಸೆ ಆಧಾರವಾಯಿತು. ಖುಲಾಸೆಯಾದ 498-ಎ ಕೇಸುಗಳನ್ನೆಲ್ಲ ಸುಳ್ಳು ಕೇಸುಗಳೆಂದು ಎಣಿಸುವಾಗ ಈ ಇತಿಹಾಸ ನೆನಪಿರಬೇಕು. ಅವುಗಳಲ್ಲಿ ಎಷ್ಟೋ ರಾಜಿಯಾದ ಕೇಸುಗಳು. ಬೇರೆ ಬಾಗಿಲಿಲ್ಲದ್ದಕ್ಕೆ ಸುಳ್ಳಿನ ಬಾಗಿಲಿಂದ ಹೊರಗೆ ಬಂದವು.

2003: ಬಾಗಿಲು ತೆರೆದ ವರ್ಷ

ಹೈಕೋರ್ಟಿಗೆ ಒಂದು ವಿಶೇಷ ಅಧಿಕಾರವಿದೆ. ಕೋರ್ಟಿನ ಪ್ರಕ್ರಿಯೆ ದುರುಪಯೋಗ ಆಗದಂತೆ, ನ್ಯಾಯದ ಗುರಿ ತಪ್ಪದಂತೆ ಯಾವ ಆದೇಶ ಬೇಕಾದರೂ ಮಾಡಬಹುದು. 1923ರ ತಿದ್ದುಪಡಿಯಲ್ಲಿ ಇದು 561-ಎ ಕಲಂ ಆಗಿ ಕಾನೂನಿನಲ್ಲಿ ಬರೆಯಲ್ಪಟ್ಟಿತು. 1974ರಿಂದ 482ನೇ ಕಲಂ. ವಕೀಲರು "482 ಹಾಕೋಣ, ಕ್ವಾಷ್ ಮಾಡಿಸೋಣ" ಎನ್ನುವುದು ಇದನ್ನೇ.

ಈ ಅಧಿಕಾರದ ವ್ಯಾಪ್ತಿ ಹೇಳಿದ ದೊಡ್ಡ ತೀರ್ಪುಗಳಲ್ಲಿ ಒಂದು ಕರ್ನಾಟಕದ್ದೇ. 1977ರ ಎಲ್. ಮುನಿಸ್ವಾಮಿ ಪ್ರಕರಣ. ಅದು ಗಂಡ-ಹೆಂಡತಿ ವ್ಯಾಜ್ಯ ಅಲ್ಲ. ಆದರೆ ಕೇಸು ಮುಂದುವರಿಸುವುದು ಪ್ರಕ್ರಿಯೆಯ ದುರುಪಯೋಗ ಆಗುತ್ತದೆ ಎಂದು ಕಂಡರೆ ಹೈಕೋರ್ಟು ಅದನ್ನು ರದ್ದು ಮಾಡಬಹುದು ಎಂದು ಸುಪ್ರೀಂ ಕೋರ್ಟ್ ಅಲ್ಲಿ ಸ್ಪಷ್ಟಪಡಿಸಿತು.

ಆ ಮಾತು ಸಂಸಾರದ ವ್ಯಾಜ್ಯಕ್ಕೆ ಬಂದದ್ದು 2003ರ ಮಾರ್ಚ್ 13ರಂದು, ಬಿ.ಎಸ್. ಜೋಶಿ ಪ್ರಕರಣದಲ್ಲಿ. ಹರಿಯಾಣದ ದಂಪತಿ ರಾಜಿಯಾಗಿ, ವಿಚ್ಛೇದನಕ್ಕೂ ಇಬ್ಬರೂ ಒಪ್ಪಿದ್ದರು. ಕೇಸು ರದ್ದು ಮಾಡಿ ಎಂದರೆ ಅಲ್ಲಿನ ಹೈಕೋರ್ಟು, 498-ಎ ರಾಜಿಯಾಗದ ಅಪರಾಧ, ಆಗುವುದಿಲ್ಲ ಎಂದಿತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. 320ನೇ ಕಲಂ ಪಟ್ಟಿ ಕೆಳಗಿನ ಕೋರ್ಟನ್ನು ಕಟ್ಟಿಹಾಕಬಹುದು, ಹೈಕೋರ್ಟಿನ 482ನೇ ಕಲಂ ಅಧಿಕಾರವನ್ನು ಕಟ್ಟಿಹಾಕುವುದಿಲ್ಲ ಎಂದಿತು. ಹೆಣ್ಣಿನ ರಕ್ಷಣೆಗೆ ಬಂದ ಕಲಂ ಅವಳು ಹೊಸ ಬದುಕು ಕಟ್ಟಿಕೊಳ್ಳುವುದಕ್ಕೆ ಅಡ್ಡಿಯಾಗಬಾರದು ಎಂಬುದು ತೀರ್ಪಿನ ತಿರುಳು.

ಆದರೆ ಇನ್ನೂ ಅನುಮಾನ ಉಳಿದಿತ್ತು. ಹಿಂಬಾಗಿಲಿಂದ ರಾಜಿಗೆ ಬಿಟ್ಟಂತೆ ಆಗಲಿಲ್ಲವೇ ಎಂದು ಸುಪ್ರೀಂ ಕೋರ್ಟಿನ ಇನ್ನೊಂದು ಪೀಠವೇ 2010ರಲ್ಲಿ ಪ್ರಶ್ನೆ ಎತ್ತಿತು. ಮೂವರು ನ್ಯಾಯಮೂರ್ತಿಗಳ ಪೀಠ 2012ರ ಸೆಪ್ಟೆಂಬರ್ 24ರಂದು ಗ್ಯಾನ್ ಸಿಂಗ್ ಪ್ರಕರಣದಲ್ಲಿ ಅದಕ್ಕೆ ಉತ್ತರ ಹೇಳಿತು. ಕೊಲೆ, ಅತ್ಯಾಚಾರ, ದರೋಡೆಯಂಥ ಘೋರ ಅಪರಾಧಗಳಿಗೆ ರಾಜಿ ಇಲ್ಲ, ಏಕೆಂದರೆ ಅವು ಇಡೀ ಸಮಾಜದ ಮೇಲಿನ ಅಪರಾಧ. ಮದುವೆ, ಕುಟುಂಬದ ವ್ಯಾಜ್ಯಗಳಂತೆ ಮೂಲತಃ ಖಾಸಗಿಯಾದವುಗಳಲ್ಲಿ ಪೂರ್ತಿ ರಾಜಿಯಾಗಿದ್ದರೆ ಹೈಕೋರ್ಟು ರದ್ದು ಮಾಡಬಹುದು. 2013ರಲ್ಲಿ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರಾಜಿಯ ಸಾಧ್ಯತೆ ಕಂಡರೆ 498-ಎ ಕೇಸುಗಳನ್ನು ಮಧ್ಯಸ್ಥಿಕೆಗೆ ಕಳಿಸಿ, ಆದರೆ ಅಪರಾಧದ ತೀವ್ರತೆ ತೆಳುವಾಗದಂತೆ ನೋಡಿಕೊಳ್ಳಿ ಎಂದು ಹೇಳಿತು.

ಬಾಗಿಲು ತೆರೆಯಿತು, ಆದರೆ ಎಲ್ಲಿ?

2003ರಲ್ಲಿ ಸಿಕ್ಕ ಈ ದಾರಿ ಹೈಕೋರ್ಟಿನಲ್ಲಿತ್ತು. ಹೈಕೋರ್ಟು ಬೆಂಗಳೂರಿನಲ್ಲಿತ್ತು. ಹಾವೇರಿಯಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ವಕೀಲರ ಫೀಸು, ರಾತ್ರಿ ಬಸ್ಸು, ವಸತಿ, ಎರಡು ದಿನದ ಕೂಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಣುಮಗಳಿಗೆ ಆ ಲೆಕ್ಕ ಎಲ್ಲಿಂದ ಹೊಂದೀತು? ಸಾಕ್ಷಿ ತಿರುಗುವ ಹಳೆಯ ದಾರಿಯೇ ಅಗ್ಗವಾಗಿತ್ತು.

ಉತ್ತರ ಕರ್ನಾಟಕಕ್ಕೆ ಹೈಕೋರ್ಟ್ ಪೀಠ ಬೇಕೆಂಬ ದೀರ್ಘ ಹೋರಾಟದ ಫಲವಾಗಿ 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಹಾವೇರಿ ಜಿಲ್ಲೆ ಅದರ ವ್ಯಾಪ್ತಿಗೆ ಬರುತ್ತದೆ. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ ಬರಬಹುದು. ನಮ್ಮ ಭಾಗದ ಮಟ್ಟಿಗೆ ಬಿ.ಎಸ್. ಜೋಶಿ ತೀರ್ಪು ನಿಜವಾಗಿ ತಲುಪಿದ್ದು ಈ ಪೀಠದ ಮೂಲಕವೇ ಎನ್ನಬಹುದು.

ಹಾಗಿದ್ದರೂ ಪ್ರಶ್ನೆ ಉಳಿಯುತ್ತದೆ. ರಾಣೆಬೆನ್ನೂರಿನ ನ್ಯಾಯಾಧೀಶರ ಎದುರು ನಡೆಯುತ್ತಿರುವ ಕೇಸಿನ ರಾಜಿ ರಾಣೆಬೆನ್ನೂರಿನಲ್ಲೇ ಯಾಕೆ ಆಗಬಾರದು? ಕೋರ್ಟಿನ ಅನುಮತಿಯೊಂದಿಗೆ ರಾಜಿಗೆ ಅವಕಾಶ ಕೊಡಿ ಎಂದು ಕಾನೂನು ಆಯೋಗ 1996ರಲ್ಲೇ ಹೇಳಿತ್ತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಅದನ್ನೇ ಹೇಳಿತು. ಜಾಮೀನು ಸಿಗುವ ಅಪರಾಧ ಮಾಡಿ ಎಂದೂ ಹೇಳಿತು. ಕಾನೂನು ದುರ್ಬಲವಾಗುತ್ತದೆ ಎಂದು ಮಹಿಳಾ ಸಂಘಟನೆಗಳು ವಿರೋಧಿಸಿದವು. ಕಾನೂನು ಆಯೋಗ 2011 ಮತ್ತು 2012ರಲ್ಲಿ ಮತ್ತೆ ಶಿಫಾರಸು ಮಾಡಿತು. ಈ ಬಾರಿ ಒಂದು ಎಚ್ಚರಿಕೆಯೂ ಸೇರಿತ್ತು. ನ್ಯಾಯಾಧೀಶರು ಹೆಣ್ಣುಮಗಳನ್ನು ಪ್ರತ್ಯೇಕವಾಗಿ ಮಾತನಾಡಿಸಬೇಕು, ಮರುಯೋಚನೆಗೆ ಮೂರು ತಿಂಗಳ ಸಮಯ ಇರಬೇಕು.

ಆಂಧ್ರಪ್ರದೇಶ ಆಗಲೇ, 2003ರಲ್ಲಿ, ತನ್ನದೇ ತಿದ್ದುಪಡಿ ಮಾಡಿತ್ತು. ಕೋರ್ಟಿನ ಅನುಮತಿ, ಕನಿಷ್ಠ ಮೂರು ತಿಂಗಳ ಅಂತರ, ಆಮೇಲೆ ಕೆಳಗಿನ ಕೋರ್ಟಿನಲ್ಲೇ ರಾಜಿ. ಅಂದರೆ ಆದೋನಿ, ರಾಯದುರ್ಗದ ಕನ್ನಡ ಮನೆಗಳಿಗೆ ಅಲ್ಲೇ ಸಿಕ್ಕ ದಾರಿ ಗಡಿ ದಾಟಿ ಬಳ್ಳಾರಿಗೆ ಬಂದರೆ ಇರಲಿಲ್ಲ. ಮತ್ತೆ ಎರಡು ದಂಡೆ, ಎರಡು ಕಾನೂನು.

2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದವು. 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ. 482 ಈಗ ನಾಗರಿಕ ಸುರಕ್ಷಾ ಸಂಹಿತೆಯ 528. ರಾಜಿಯ ಪಟ್ಟಿ ಈಗ 359ನೇ ಕಲಂ. ನಂಬರುಗಳು ಬದಲಾದವು, ಆದರೆ 85ನೇ ಕಲಂ ಆ ಪಟ್ಟಿಯಲ್ಲಿ ಇಲ್ಲ. ಇಷ್ಟು ಶಿಫಾರಸುಗಳ ನಂತರವೂ ಧಾರವಾಡಕ್ಕೆ ಹೋಗಲೇಬೇಕು.

ಓದುಗರು ನೆನಪಿಡಬೇಕಾದ್ದು

ರಾಜಿ ಪತ್ರ ಬರೆದ ದಿನ ಕೇಸು ಮುಗಿಯುವುದಿಲ್ಲ. ಹೈಕೋರ್ಟು ರದ್ದು ಆದೇಶ ಮಾಡಿ, ಅದರ ದೃಢೀಕೃತ ಪ್ರತಿ ಕೆಳಗಿನ ಕೋರ್ಟಿಗೆ ಮುಟ್ಟುವವರೆಗೆ ತಾರೀಖು ತಪ್ಪಿಸಬೇಡಿ. ಅರ್ಜಿಯಲ್ಲಿ ಎಲ್ಲ ಆರೋಪಿಗಳ ಹೆಸರೂ ಇರಲಿ. ಗಂಡನ ಹೆಸರೊಂದೇ ಹಾಕಿ ಅತ್ತೆ-ನಾದಿನಿಯನ್ನು ಬಿಟ್ಟರೆ ಅವರ ಕೇಸು ಹಾಗೇ ಉಳಿಯುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹಣ ಕೈಗೆ ಬರುವ ಮೊದಲು ಒಪ್ಪಿಗೆಯ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೂರಬೇಡಿ. ಡಿ.ಡಿ.ಯನ್ನು ಕೋರ್ಟಿನ ಎದುರೇ ಕೊಡುವಂತೆ ಕೇಳಬಹುದು. ಮಕ್ಕಳ ಜೀವನಾಂಶ ಮಕ್ಕಳ ಹಕ್ಕು. ದೊಡ್ಡವರ ರಾಜಿಯಲ್ಲಿ ಅದನ್ನು ಬಿಟ್ಟುಕೊಡುವ ಮಾತು ಬಂದರೆ ಒಪ್ಪಬೇಡಿ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಹಾವೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲೂಕುಗಳಲ್ಲಿ ಅದರ ಸಮಿತಿಗಳು ಇರುವುದು ಇದಕ್ಕಾಗಿಯೇ.

ಒಂದೂವರೆ ಶತಮಾನದ ಈ ಕತೆಯಲ್ಲಿ ಕಟ್ಟೆ ಬದಲಾಯಿತು, ಕೋರ್ಟು ಬದಲಾಯಿತು, ಕಲಂ ಬದಲಾಯಿತು. ದೈವದ ಕಟ್ಟೆಯಲ್ಲಿ ಹಿರಿಯರು ಅವಳ ಪರವಾಗಿ ಮಾತಾಡಿದರು. 1983ರ ಕಾನೂನು ಅವಳ ಒಪ್ಪಿಗೆಯನ್ನೇ ನಂಬಲಿಲ್ಲ. ಸಾಕ್ಷಿ ಕಟ್ಟೆಯಲ್ಲಿ ಅವಳಿಂದ ಸುಳ್ಳು ಹೇಳಿಸಲಾಯಿತು. ರದ್ದು ಅರ್ಜಿಯ ದಾರಿಯಲ್ಲಿ ಮಾತ್ರ ಅವಳು "ನಡೆದದ್ದು ನಡೆದಿದೆ, ಆದರೆ ನನಗೆ ಇದು ಸಾಕು" ಎಂದು ನಿಜವನ್ನೇ ಹೇಳಿ ಹೊರಗೆ ಬರಬಹುದು. ಅದಕ್ಕೇ ಯಾವ ರಾಜಿಯಲ್ಲಾದರೂ ಮೊದಲು ಕೇಳಬೇಕಾದ ಪ್ರಶ್ನೆ ಹಣದ್ದಲ್ಲ. ಅಪ್ಪ, ಅಣ್ಣ, ಪಂಚರು, ವಕೀಲರು ಯಾರೂ ಪಕ್ಕದಲ್ಲಿಲ್ಲದಾಗ, ಅವಳೊಬ್ಬಳನ್ನೇ ಕೂರಿಸಿ "ನಿನಗೆ ಒಪ್ಪಿಗೆ ಐತೇನವ್ವಾ" ಎಂದು ಯಾರಾದರೂ ಕೇಳಿದ್ದಾರೆಯೇ?